ಅಜ್ಜನ ಕ್ಷೌರದ ಕತ್ತಿಗೆ ಮತ್ತೆ ಬಾಯಿ ಬರಿಸುವುದು: ತುಕ್ಕಿನಿಂದ ಚರ್ಮದ ಪಟ್ಟಿಯವರೆಗೆ

ಕ್ಷೌರದ ಕತ್ತಿ ಮಸೆಯುವುದು ಹೇಗೆ ಎಂದು ಕೇಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು 12000 ನಂಬರಿನ ಮಸೆಗಲ್ಲಿಗೆ (ನಂಬರು ಏರಿದಷ್ಟೂ ಕಲ್ಲು ನುಣುಪು) ಎಷ್ಟಾಗುತ್ತದೆ, ಬೆಲ್ಜಿಯಂ ಕಲ್ಲು ಎಲ್ಲಿ ಸಿಗುತ್ತದೆ ಅಂತ. ದುಡ್ಡಿದ್ದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಕತ್ತಿಗೆ ಬಾಯಿ, ಅಂದರೆ ಕೊಯ್ಯುವ ಹರಿತ ಅಂಚು, ಬರುವುದು 1000 ನಂಬರಿನ ಕಲ್ಲಿನ ಮೇಲೆ. ಅಲ್ಲಿ ಆಗದ ಕೆಲಸವನ್ನು ಮುಂದಿನ ಯಾವ ಕಲ್ಲೂ ಮಾಡಿಕೊಡುವುದಿಲ್ಲ. ಅವು ನುಣುಪು ಕೊಡುತ್ತವೆ, ಅಷ್ಟೆ. ಅದಕ್ಕೇ ಇಲ್ಲಿ ಆ ಒಂದು ಕಲ್ಲಿನ ಬಗ್ಗೆ ಜಾಸ್ತಿ ಬರೆದು, ಮಿಕ್ಕಿದ್ದನ್ನು ಬೇಗ ಬೇಗ ಮುಗಿಸಿದ್ದೇನೆ.

ನಾನು ಹೇಳುತ್ತಿರುವುದು ಈಗ ಸೆಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸಿಕೊಳ್ಳುವ ಕತ್ತಿಯ ವಿಷಯವಲ್ಲ. ಇಡೀ ಅಲಗೇ ಉಕ್ಕಿನದಾಗಿದ್ದು, ಮಡಚಿದರೆ ಹಿಡಿಯೊಳಗೆ ಕೂರುವ ಹಳೇ ಕತ್ತಿಯ ವಿಷಯ. ಮೈಸೂರಿನ ಹಳೇ ಮನೆಗಳ ಅಟ್ಟದಲ್ಲಿ, ಮಂಡ್ಯ ಕಡೆಯ ಹಳ್ಳಿಮನೆಗಳ ಟ್ರಂಕಿನಲ್ಲಿ ಇವು ಇನ್ನೂ ಸಿಗುತ್ತವೆ. ಈ ಸೀಮೆಯಲ್ಲಿ ಊರಿನ ಹನ್ನೆರಡು ಆಯಗಾರರಲ್ಲಿ ಕ್ಷೌರಿಕರೂ ಒಬ್ಬರಾಗಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಕಾಳು ಅಳೆದುಕೊಡುತ್ತಿದ್ದರು. ಮನೆಮನೆಗೆ ಬರುತ್ತಿದ್ದ ಅವರ ಪೆಟ್ಟಿಗೆಯಲ್ಲಿ ಕತ್ತಿಯ ಜೊತೆಗೆ ಅಂಗೈಯಗಲದ ಒಂದು ನುಣ್ಣನೆ ಕಲ್ಲು, ಒಂದು ತುಂಡು ಚರ್ಮ ಇದ್ದೇ ಇರುತ್ತಿದ್ದವು. ನಿಮ್ಮ ಮನೆಯಲ್ಲಿ ಕತ್ತಿ ಸಿಕ್ಕಿದ್ದರೆ ಆ ಕಲ್ಲೂ ಅಲ್ಲೇ ಎಲ್ಲಾದರೂ ಬಿದ್ದಿರಬಹುದು, ಹುಡುಕಿ ನೋಡಿ. ಮೆಣಸು ಅರೆಯುವ ಕಲ್ಲೆಂದುಕೊಂಡು ಎಸೆದುಬಿಟ್ಟವರಿದ್ದಾರೆ.

ಮೊದಲು ಕತ್ತಿ ಉಳಿಯುತ್ತದೋ ಇಲ್ಲವೋ ನೋಡಿ

ಅಲಗು ಹಿಡಿಗೆ ಸೇರುವ ಕುತ್ತಿಗೆಯ ಮೇಲೆ ತಯಾರಕರ ಮುದ್ರೆ ಇರುತ್ತದೆ. ನಮ್ಮ ಕಡೆ ಸಿಗುವ ಹಳೆಯವುಗಳಲ್ಲಿ ಜರ್ಮನಿಯ ಸೋಲಿಂಗೆನ್ ಮತ್ತು ಇಂಗ್ಲೆಂಡಿನ ಶೆಫೀಲ್ಡ್ ಊರುಗಳ ಹೆಸರನ್ನು ಹುಡುಕಿ. ಬ್ರಿಟನ್ 1887ರಲ್ಲಿ ಮಾಡಿದ ಸರಕು ಮುದ್ರೆ ಕಾಯ್ದೆಯಿಂದಾಗಿ ಹೊರದೇಶದ ಮಾಲಿನ ಮೇಲೆ ದೇಶದ ಹೆಸರು ಹಾಕುವ ರೂಢಿ ಬಲವಾಯಿತು. ಹಾಗಾಗಿ ಮುದ್ರೆಯಲ್ಲಿ 'ಜರ್ಮನಿ' ಎಂದಿದ್ದರೆ ಕತ್ತಿ ಬಹುತೇಕ ಅದರ ಈಚಿನದು. ಮುದ್ರೆ ಇಲ್ಲವೆಂದ ಮಾತ್ರಕ್ಕೆ ಕತ್ತಿ ಕೆಟ್ಟದ್ದು ಅಂತಲ್ಲ.

ಆಮೇಲೆ ಭೂತಗನ್ನಡಿ ತೆಗೆದುಕೊಳ್ಳಿ. ಮೈಸೂರಿನ ಅಶೋಕ ರಸ್ತೆಯ ಆಭರಣದಂಗಡಿಗಳಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಹತ್ತು ಪಟ್ಟಿನದು ತುಕ್ಕು ನೋಡಲು ಸಾಕು. ಮಸೆಯುವಾಗ ಬಾಯಿಯನ್ನು ನೋಡಲು ಮೂವತ್ತರಿಂದ ಅರವತ್ತು ಪಟ್ಟಿನದು ಬೇಕು. ಅಲಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿಗೆ ಕೈಬಿಡಿ, ಮುಖಕ್ಕೆ ತರುವ ವಸ್ತುವಲ್ಲ ಅದು. ತುಕ್ಕಿನ ಗುಳಿ ಅಲಗಿನ ಮಧ್ಯದಲ್ಲೋ ಬೆನ್ನಿನ ಹತ್ತಿರವೋ ಇದ್ದರೆ ಚಿಂತೆಯಿಲ್ಲ. ಬಾಯಿಯ ಗೆರೆಯ ಮೇಲೆಯೇ ಇದ್ದರೆ ಆ ಗುಳಿ ದಾಟುವವರೆಗೂ ಉಕ್ಕು ಸವೆಸಬೇಕಾಗುತ್ತದೆ. ಒಂದು ಮಿಲಿಮೀಟರ್ ಒಳಗಾದರೆ ಮಾಡಬಹುದು, ಎರಡು ದಾಟಿದರೆ ಆ ಶ್ರಮಕ್ಕೆ ಅರ್ಥವಿಲ್ಲ. ಕೊನೆಗೆ ಕತ್ತಿಯನ್ನು ಕಿಟಕಿ ಗಾಜಿನ ತುಂಡಿನ ಮೇಲೆ ಮಲಗಿಸಿ ಮೂಲೆಗಳನ್ನು ಬೆರಳಲ್ಲಿ ಒತ್ತಿ. ಟಕ್ ಟಕ್ ಎಂದು ಆಡಿದರೆ ಅಲಗು ತಿರುಚಿದೆ ಎಂದರ್ಥ. ಸ್ವಲ್ಪ ತಿರುಚಿದ್ದರೆ ಮಸೆಯುವ ಕ್ರಮದಲ್ಲೇ ಸುಧಾರಿಸಬಹುದು.

ಹಿಡಿಯನ್ನೂ ನೋಡಿ. ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನ ಹಿಡಿಗಳು ಕೊಳೆಯುತ್ತಾ ಬಿಡುವ ಹುಳಿ ಆವಿಯಿಂದಲೇ ಒಳಗಿನ ಅಲಗು ತುಕ್ಕು ಹಿಡಿಯುತ್ತದೆ. ಹಿಡಿ ಬಿರುಕುಬಿಟ್ಟು, ಕರ್ಪೂರದಂಥ ಅಥವಾ ಹುಳಿ ವಾಸನೆ ಬರುತ್ತಿದ್ದರೆ ಅದನ್ನು ಬದಲಾಯಿಸುವುದೇ ದಾರಿ. ಬೆಂಕಿಯ ಹತ್ತಿರವಂತೂ ತರಬೇಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ಹೊಸ ಹಿಡಿಗೆ ಬೀಟೆ ಮರ ಚೆನ್ನಾಗಿ ಒಪ್ಪುತ್ತದೆ. ಮೈಸೂರಿನಲ್ಲಿ ಬೀಟೆಯ ಕೆತ್ತನೆ ಕೆಲಸದವರ ಹತ್ತಿರ ಚಿಕ್ಕ ತುಂಡು ಕೇಳಿದರೆ ಸಿಗುತ್ತದೆ. ಹಳೇ ಹಿಡಿ ಆನೆದಂತದ್ದಾಗಿದ್ದರೆ ಮಾರಲು ಹೋಗಬೇಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ.

ತುಕ್ಕು ತೆಗೆಯುವುದು

ಬಾಯಿಗೆ ಮೊದಲು ಟೇಪು ಅಂಟಿಸಿ. ಮೊಂಡು ಕತ್ತಿ ಎಂದು ಸಲೀಸಾಗಿ ಹಿಡಿಯುವುದರಲ್ಲೇ ಬೆರಳು ಕೊಯ್ಯುವುದು.

ಹೊಲಿಗೆ ಮಿಷನ್ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅತಿ ನುಣುಪಾದ ಉಕ್ಕಿನ ನಾರಿನಿಂದ, ಅಂದರೆ ನಾಲ್ಕು ಸೊನ್ನೆಯ ನಂಬರಿನದರಿಂದ, ಎಣ್ಣೆಯ ಜೊತೆಯಲ್ಲೇ ಉಜ್ಜಿ. ಕೆಂಪು ತುಕ್ಕು ಬಹುಪಾಲು ಇದಕ್ಕೇ ಹೋಗುತ್ತದೆ. ಉಳಿದಿದ್ದಕ್ಕೆ ಗ್ಯಾರೇಜಿನವರು ಕಾರಿಗೆ ಪೇಂಟು ಹೊಡೆಯುವ ಮುಂಚೆ ತಿಕ್ಕುವ ವಾಟರ್ ಪೇಪರು ಬೇಕು. 400ರಿಂದ ಶುರುಮಾಡಿ 600, 1000, 2000 ಎಂದು ಹೋಗಿ. ಕಾಗದವನ್ನು ಬರಿಬೆರಳಿಗೆ ಸುತ್ತಿಕೊಳ್ಳಬೇಡಿ, ಬಾಟಲಿ ಬಿರಡೆಗೆ ಸುತ್ತಿ. ಅಲಗನ್ನು ಮರದ ಹಲಗೆಯ ಅಂಚಿನ ಮೇಲೆ ಒರಗಿಸಿ, ಬೆನ್ನಿನಿಂದ ಬಾಯಿಯ ಕಡೆಗೆ ಒಂದೇ ದಿಕ್ಕಿಗೆ ಎಳೆಯಿರಿ. ಬಾಯಿಯಿಂದ ಬೆನ್ನಿನ ಕಡೆಗೆ ಎಂದೂ ಬೇಡ.

ಎಲ್ಲಿಗೆ ನಿಲ್ಲಿಸಬೇಕು? ತುಕ್ಕು ಹೋದ ಮೇಲೆ ಉಳಿಯುವ ಕಪ್ಪು-ಬೂದು ಕಲೆಯಿಂದ ಏನೂ ತೊಂದರೆಯಿಲ್ಲ. ಕನ್ನಡಿಯ ಹಾಗೆ ಹೊಳೆಯಲೇಬೇಕೆಂದು ತಿಕ್ಕುತ್ತಾ ಕೂತರೆ ಅಲಗಿನ ಮೇಲಿನ ಹಳೇ ಅಕ್ಷರ, ಚಿನ್ನದ ನೀರು ಎಲ್ಲ ಹೋಗುತ್ತವೆ. ನನ್ನ ಮಟ್ಟಿಗೆ ಹಳೇ ಕತ್ತಿ ಹಳೆಯದಾಗಿ ಕಾಣುವುದೇ ಸರಿ.

ಎರಡು ಕೆಲಸ ಮಾತ್ರ ಮಾಡಬೇಡಿ. ಹಿತ್ತಾಳೆ ಪಾತ್ರೆ ಬೆಳಗುವ ಹುಣಸೆಹಣ್ಣು, ನಿಂಬೆಹಣ್ಣು ಇದಕ್ಕೆ ಸಲ್ಲದು. ಆ ಹುಳಿ ತುಕ್ಕಿನ ಜೊತೆಗೆ ಉಕ್ಕನ್ನೂ ತಿನ್ನುತ್ತದೆ, ಅಲಗು ಮಂಕಾಗಿ ಕಪ್ಪಗಾಗುತ್ತದೆ. ಇನ್ನೊಂದು, ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು 'ಚಾಕು, ಕತ್ರಿ ಸಾಣೆ' ಎಂದು ಕೂಗುತ್ತಾ ಬರುವವರ ಕೈಗೆ ಈ ಕತ್ತಿ ಕೊಡಬೇಡಿ. ಈಳಿಗೆಮಣೆಗೆ, ಕತ್ತರಿಗೆ ಅವರ ಕೆಲಸ ಸೊಗಸು. ಕ್ಷೌರದ ಕತ್ತಿಯ ಬಾಯಿ ಮಾತ್ರ ತೀರಾ ತೆಳು. ಒಣ ಚಕ್ರದ ಬಿಸಿ ಅಲ್ಲಿ ಒಂದೆರಡು ಕ್ಷಣದಲ್ಲೇ ಏರುತ್ತದೆ. ಉಕ್ಕಿನ ಮೇಲೆ ನೀಲಿ ಬಣ್ಣ ಓಡಿತೆಂದರೆ ಶಾಖ 300 ಡಿಗ್ರಿ ಮುಟ್ಟಿತೆಂದೇ ಲೆಕ್ಕ. ಅಷ್ಟು ಬಿಸಿಗೆ ಉಕ್ಕಿನ ಹದ, ಅಂದರೆ ಗಡಸುತನ, ಹಾರಿಹೋಗುತ್ತದೆ. ಆ ಜಾಗ ಆಮೇಲೆ ಹರಿತ ಹಿಡಿಯುವುದಿಲ್ಲ, ಹದವನ್ನು ಮನೆಯಲ್ಲಿ ಮತ್ತೆ ಕೂಡಿಸಲೂ ಆಗದು.

ಹದದ ಮಾತು ಬಂದಿದ್ದಕ್ಕೆ ಒಂದು ಅಡ್ಡಮಾತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನವರು ಮೂಸೆಯಲ್ಲಿ ಉಕ್ಕು ಕಾಯಿಸುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದಕ್ಷಿಣದ ಆ ಉಕ್ಕನ್ನು ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಹೊಗಳಿ ಬಳಸಿದ. 1820ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗಗಳನ್ನೂ ಪ್ರಕಟಿಸಿದ. ಒಳ್ಳೇ ಉಕ್ಕು ಇದ್ದದ್ದು ಇಲ್ಲಿ, ಕ್ಷೌರದ ಕತ್ತಿಗೆ ಹೆಸರು ಮಾಡಿದ್ದು ಶೆಫೀಲ್ಡ್.

ಕಲ್ಲುಗಳು ಮತ್ತು ಅವನ್ನು ಸಮ ಮಾಡುವುದು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಪ್ಪು ಕಾರ್ಬೊರಂಡಂ ಕಲ್ಲು ಮಚ್ಚು, ಕುಡುಗೋಲಿಗೆ ಸರಿ. ಕ್ಷೌರದ ಕತ್ತಿಗೆ ಅದು ಬಹಳ ಒರಟು. ಬೇಕಾಗುವುದು ಮೂರು ನೀರುಗಲ್ಲು: 1000, 4000, 8000. ನಾಲ್ಕನೆಯದಾಗಿ 12000 ಇದ್ದರೆ ಸಂತೋಷ. ನಂಬರು ಏರಿದಷ್ಟೂ ಕಲ್ಲಿನ ಕಣ ಸಣ್ಣದಾಗುತ್ತದೆ. ಜಪಾನಿ ಅಳತೆಯಲ್ಲಿ 1000ದ ಕಣ ಹತ್ತು-ಹದಿನೈದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), 8000ದ್ದು ಒಂದು ಮೈಕ್ರಾನಿನ ಆಸುಪಾಸು. ಕಂಪನಿಯಿಂದ ಕಂಪನಿಗೆ ಇದು ವ್ಯತ್ಯಾಸವಾಗುವುದರಿಂದ ಸಾಧ್ಯವಾದರೆ ಒಂದೇ ಕಂಪನಿಯ ಸಾಲು ಕೊಳ್ಳಿ. ನೈಸರ್ಗಿಕ ಕಲ್ಲುಗಳಲ್ಲಿ ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಹಳದಿ ಕೊಟಿಕ್ಯೂಲ್, ಜರ್ಮನಿಯ ಥುರಿಂಜಿಯಾ ಕಲ್ಲು, ಕ್ಯೋಟೊ ಸುತ್ತಲಿನ ಜಪಾನಿ ಕಲ್ಲುಗಳಿಗೆ ಹೆಸರು ದೊಡ್ಡದು. ಕೈ ಪಳಗಿದ ಮೇಲೆ ಅವುಗಳ ಯೋಚನೆ ಮಾಡಿದರಾಯಿತು.

ಹೊಸ ಕಲ್ಲೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಪೆನ್ಸಿಲಿನಿಂದ ಕಲ್ಲಿನ ಮೇಲೆ ಚೌಕುಳಿ ಎಳೆಯಿರಿ. ದಪ್ಪ ಗಾಜಿನ ಮೇಲೆ 400ರ ವಾಟರ್ ಪೇಪರು ನೀರು ಹಾಕಿ ಹರಡಿ, ಅದರ ಮೇಲೆ ಕಲ್ಲನ್ನು ಮಗುಚಿ ತಿಕ್ಕಿ. ಗೆರೆಯೆಲ್ಲ ಒಂದೇ ಸಮ ಅಳಿಸಿದಾಗ ಕಲ್ಲು ಸಮವಾಯಿತು. ಮಧ್ಯದ ಗೆರೆ ಉಳಿದರೆ ಮಧ್ಯ ತಗ್ಗಿದೆ, ಇನ್ನೂ ತಿಕ್ಕಿ. ಕಲ್ಲಿನ ನಾಲ್ಕು ಅಂಚನ್ನೂ ಸ್ವಲ್ಪ ಮೊಂಡು ಮಾಡಿಡಿ, ಚೂಪು ಅಂಚಿಗೆ ಬಾಯಿ ತಗುಲಿ ಮುಕ್ಕಾಗದಂತೆ.

ಮಣ್ಣಿನ ಗುಣದ 1000ದ ಕಲ್ಲುಗಳನ್ನು ಹತ್ತು ನಿಮಿಷ ನೀರಲ್ಲಿ ನೆನೆಸಬೇಕು. ರೆಸಿನ್ ಹಾಕಿ ಕಟ್ಟಿದ ನುಣುಪು ಕಲ್ಲುಗಳನ್ನು ನೆನೆಹಾಕಿದರೆ ಬಿರುಕುಬಿಡುತ್ತವೆ. ಮೇಲೆ ನೀರು ಚಿಮುಕಿಸಿದರೆ ಸಾಕು. ನಲ್ಲಿಯಲ್ಲಿ ಬರುವ ಕಾವೇರಿ ನೀರು ಒಳ್ಳೆಯದು. ಬೋರ್‌ವೆಲ್ ನೀರಾದರೆ ಕೊನೆಯಲ್ಲಿ ಕತ್ತಿಯನ್ನೂ ಕಲ್ಲನ್ನೂ ಕುಡಿಯುವ ನೀರಲ್ಲಿ ಒಮ್ಮೆ ತೊಳೆಯಿರಿ, ಬಿಳಿ ಕಲೆ ಕೂರುವುದಿಲ್ಲ.

1000ದ ಕಲ್ಲಿನ ಮೇಲೆ

ಕ್ಷೌರದ ಕತ್ತಿಯ ಜಾಣತನ ಇರುವುದು ಅದರ ಬೆನ್ನಿನಲ್ಲಿ. ಅಡುಗೆಮನೆಯ ಚಾಕುವಿಗೆ ಕೋನವನ್ನು ಕೈಯೇ ಹಿಡಿಯಬೇಕು. ಇಲ್ಲಿ ಹಾಗಿಲ್ಲ. ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ತಗುಲಿ ಕೋನ ತಾನಾಗಿ ನಿಲ್ಲುತ್ತದೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗದಲ್ಲಿ ಎಣಿಸುವುದು ರೂಢಿ. ಎಂಟರಲ್ಲಿ ಐದು ಭಾಗದ ಅಲಗು ಎಂದರೆ ಸುಮಾರು 16 ಮಿಲಿಮೀಟರ್. ಅದರ ಬೆನ್ನು ನಾಲ್ಕೂವರೆ ಮಿಲಿಮೀಟರ್ ದಪ್ಪವಿದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ. ಮಂಡ್ಯದ ಪೇಟೆ ಬೀದಿಯಲ್ಲಿ ಬಹಳ ಕಾಲ ಅಂಗಡಿ ನಡೆಸಿದ ಹಿರಿಯರೊಬ್ಬರು ಇದನ್ನೇ ಹೇಳಿದ್ದು ಹೀಗೆ: "ಬೆನ್ನು ಕಲ್ಲಿಗೆ ಅಂಟ್ಕೊಂಡೇ ಇರ್ಬೇಕು ಸಾ. ಬೆನ್ನು ಎದ್ರೆ ಬಾಯಿ ಹೋಯ್ತು ಅಂತ್ಲೇ."

ಬೆನ್ನು ಸವೆಯದಿರಲು ಅದರ ಮೇಲೆ ಒಂದು ಪದರ ಕರೆಂಟಿನವರ ಇನ್ಸುಲೇಷನ್ ಟೇಪು ಅಂಟಿಸಬಹುದು. ಕೋನ ಸುಮಾರು ಒಂದು ಡಿಗ್ರಿ ಹೆಚ್ಚುತ್ತದೆ, ಕ್ಷೌರಕ್ಕೆ ಅದರಿಂದ ಬಾಧಕವಿಲ್ಲ. ಆದರೆ ಟೇಪು ಹಾಕಿದಿರೋ, ಕೊನೇ ಕಲ್ಲಿನವರೆಗೂ ಹಾಕಿಯೇ ಮಸೆಯಬೇಕು. ಸವೆದರೆ ಹೊಸದು ಅಂಟಿಸಿ. ಮಧ್ಯದಲ್ಲಿ ಕಿತ್ತರೆ ಕೋನ ಬದಲಾಗಿ ಕಲ್ಲು ಬಾಯಿಯನ್ನು ಮುಟ್ಟುವುದೇ ಇಲ್ಲ. ಹಳೇ ಕತ್ತಿಗೆ ಟೇಪು ಹಾಕುವುದೇ ಮೇಲು ಎನ್ನುವವನು ನಾನು. ಬೇಡವೆನ್ನುವ ಸಂಪ್ರದಾಯಸ್ಥರೂ ಇದ್ದಾರೆ.

ಬಾಯಲ್ಲಿ ಮುಕ್ಕು ಇದ್ದರೆ ಮೊದಲು ಅದನ್ನು ತೆಗೆಯಬೇಕು. ಕತ್ತಿಯನ್ನು ಕಲ್ಲಿಗೆ ಲಂಬವಾಗಿ ನಿಲ್ಲಿಸಿ, ಬ್ರೆಡ್ಡು ಕೊಯ್ಯುವ ರೀತಿ ಮೆಲ್ಲಗೆ ಎಳೆಯಿರಿ. ಮುಕ್ಕು ಮಾಯವಾಗಿ ಬಾಯಿ ನೇರವಾದೊಡನೆ ನಿಲ್ಲಿಸಿ. ಈಗ ಕತ್ತಿ ಬೆಣ್ಣೆಯನ್ನೂ ಕೊಯ್ಯದಷ್ಟು ಮೊಂಡು. ಗಾಬರಿ ಬೇಡ.

ಇನ್ನು ನಿಜವಾದ ಕೆಲಸ. ಬಾಯಿಯ ಎರಡೂ ಬದಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಗೆರೆ ಬಳಿಯಿರಿ. ಮಡಚಿದ ಹಿಡಿಯನ್ನು ಪೂರ್ತಿ ತೆರೆದು, ಕುತ್ತಿಗೆಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿಯಿರಿ. ಇನ್ನೊಂದು ಕೈಯ ಎರಡು ಬೆರಳ ತುದಿ ಅಲಗಿನ ಮೇಲಿರಲಿ. ಒಂದು ಬದಿಗೆ ಇಪ್ಪತ್ತು-ಮೂವತ್ತು ಸಣ್ಣ ಸುತ್ತು, ಮಗುಚಿ ಇನ್ನೊಂದು ಬದಿಗೂ ಅಷ್ಟೇ. ಮಗುಚುವಾಗ ಬೆನ್ನಿನ ಮೇಲೆ ಉರುಳಿಸಬೇಕು, ಬಾಯಿಯ ಮೇಲೆ ಎಂದೂ ಅಲ್ಲ. ಈಗ ಮಾರ್ಕರ್ ನೋಡಿ. ಬಾಯಿಯ ತುದಿಯವರೆಗೂ ಅಳಿಸಿದೆಯೇ? ಅಲಗಿನ ಬುಡದಲ್ಲಿ ಅಳಿಸಿ ಮೂತಿಯಲ್ಲಿ ಉಳಿದಿದ್ದರೆ ಕಲ್ಲು ಮೂತಿಯನ್ನು ಮುಟ್ಟಿಲ್ಲ. ಅಲ್ಲಿಗೆ ಬೆರಳ ತುದಿಯನ್ನು ಸರಿಸಿ ಇನ್ನಷ್ಟು ಸುತ್ತು ಹಾಕಿ.

ಬಾಯಿಯ ಗೆರೆ ಪೂರಾ ಕಲ್ಲಿಗೆ ಕೂತ ಮೇಲೆ ಉದ್ದ ಎಳೆತ. ಅಲಗು ಸುಮಾರು ಮೂರಿಂಚು ಉದ್ದ, ಕಲ್ಲಿನ ಅಗಲ ಸಾಮಾನ್ಯವಾಗಿ ಅದಕ್ಕಿಂತ ಕಿರಿದು. ಹಾಗಾಗಿ ಬುಡದಿಂದ ಶುರುಮಾಡಿ, ಬಾಯಿ ಮುಂದಾಗಿ, ಓರೆಯಾಗಿ ಎಳೆಯುತ್ತಾ ಹೋಗಿ ಮೂತಿಯಲ್ಲಿ ಮುಗಿಸಬೇಕು. ಎರಡೂ ಬದಿಯ ದಾರಿ ಸೇರಿದರೆ ಕಲ್ಲಿನ ಮೇಲೆ ಗುಣಾಕಾರ ಚಿಹ್ನೆಯಾಗುತ್ತದೆ. ಈ ಹೊತ್ತಿನಲ್ಲಿ ಬಾಯಿಯ ಮುಂದೆ ನಿಂತ ನೀರನ್ನೇ ನೋಡುತ್ತಿರಿ. ಕತ್ತಿ ಮುಂದೆ ಹೋದಂತೆ ನೀರಿನ ಸಣ್ಣ ಗೆರೆಯೊಂದು ಬಾಯಿಯನ್ನು ಹತ್ತಿ ಅಲಗಿನ ಮೇಲೆ ಏರುತ್ತದೆ. ಬುಡದಿಂದ ಮೂತಿಯವರೆಗೆ ಒಂದೇ ಸಮ ಏರಿದರೆ ಬಾಯಿ ಎಲ್ಲ ಕಡೆಯೂ ಕಲ್ಲಿಗೆ ಕೂತಿದೆ. ಎಲ್ಲೋ ಒಂದು ಕಡೆ ನೀರು ಏರದೆ ಅಲಗಿನ ಅಡಿಗೇ ನುಗ್ಗಿದರೆ ಆ ಜಾಗ ಇನ್ನೂ ಮೇಲೆದ್ದಿದೆ. ಭೂತಗನ್ನಡಿಗಿಂತ ಬೇಗ ತಿಳಿಸುವುದು ಈ ನೀರೇ.

ಆಯಿತೋ ಇಲ್ಲವೋ ತಿಳಿಯಲು ಮೂರು ಪರೀಕ್ಷೆ. ಟ್ಯೂಬ್‌ಲೈಟಿನ ಕೆಳಗೆ ಬಾಯಿಯನ್ನು ಕಣ್ಣಿಗೆ ನೇರ ಹಿಡಿದು ನೋಡಿ. ಹರಿತವಾದ ಬಾಯಿ ಬೆಳಕು ಹಿಂತಿರುಗಿಸುವುದಿಲ್ಲ, ಮಿಂಚಿದ ಕಡೆಯೆಲ್ಲ ಮೊಂಡು. ಎರಡನೆಯದು ಟೊಮೇಟೊ. ಹಣ್ಣಿನ ಸಿಪ್ಪೆಯ ಮೇಲೆ ಕತ್ತಿಯ ಭಾರವಷ್ಟನ್ನೇ ಬಿಟ್ಟು ಎಳೆದರೆ ಸಿಪ್ಪೆ ಜಾರದೆ ಕೊಯ್ಯಬೇಕು. ಬುಡ, ಮಧ್ಯ, ಮೂತಿ ಮೂರು ಕಡೆಯೂ ಮಾಡಿ, ಹಣ್ಣು ಸಾರಿಗಾಯಿತು. ಮೂರನೆಯದು ಮುಂಗೈ ಕೂದಲು, ಚರ್ಮದ ಮಟ್ಟದಲ್ಲಿ ತಡೆಯಿಲ್ಲದೆ ಉದುರಬೇಕು. ಉಗುರಿನ ಮೇಲೆ ಎಳೆದು ನೋಡುವ ಹಳೇ ಪದ್ಧತಿ ಬಾಯಿಯನ್ನು ಕೆಡಿಸುತ್ತದೆ, ಬೇಡ. ಮೂರರಲ್ಲಿ ಒಂದು ಸೋತರೂ 4000ಕ್ಕೆ ಹೋಗದೆ ಇಲ್ಲೇ ಮುಂದುವರಿಸಿ. ತೀರಾ ಕೆಟ್ಟ ಕತ್ತಿಗೆ ಇಡೀ ಸಂಜೆ ಹಿಡಿದರೂ ಆಶ್ಚರ್ಯವಿಲ್ಲ.

ಮುಂದಿನ ಕಲ್ಲುಗಳು

ಕೈಯನ್ನೂ ಕತ್ತಿಯನ್ನೂ ತೊಳೆದುಕೊಂಡು ಮುಂದಿನ ಕಲ್ಲಿಗೆ ಹೋಗಿ. 1000ದ ಒಂದು ಕಣ 8000ದ ಮೇಲೆ ಬಿದ್ದರೂ ಗೀರು ಮೂಡುತ್ತದೆ. 4000ದ ಮೇಲೆ ಉದ್ದ ಎಳೆತವಷ್ಟೇ ಸಾಕು. ಹಿಂದಿನ ಕಲ್ಲಿನ ಒರಟು ಗೀರೆಲ್ಲ ಹೋಗಿ ಒಂದೇ ಬಗೆಯ ನುಣುಪು ಗೀರು ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡಿಕೊಂಡು 8000ಕ್ಕೆ ಬನ್ನಿ. ಅಲ್ಲಿ ಬೆರಳಿನ ಒತ್ತಡವನ್ನು ಹೋಗಹೋಗುತ್ತಾ ಕಡಿಮೆ ಮಾಡಿ. ಕೊನೆಯ ಹತ್ತು-ಹದಿನೈದು ಎಳೆತಕ್ಕೆ ಕತ್ತಿಯ ಸ್ವಂತ ಭಾರವೇ ಸಾಕು: ದೋಸೆ ಹುಯ್ದು ಹರಡುವಾಗ ಸೌಟಿನ ತಳ ಹಿಟ್ಟನ್ನು ಮುಟ್ಟುತ್ತದೆಯೇ ಹೊರತು ಕಾವಲಿಯನ್ನು ಕೆರೆಯುವುದಿಲ್ಲವಲ್ಲ, ಕೈ ಅಷ್ಟು ಹಗುರವಿರಲಿ. 12000 ಇದ್ದರೆ ಅಲ್ಲೂ ಇದೇ ಹಗುರ ಕೈ. ಮುಂಗೈ ಕೂದಲ ಮೇಲೆ, ಚರ್ಮದಿಂದ ಕಾಲಿಂಚು ಎತ್ತರದಲ್ಲಿ ಕತ್ತಿ ಆಡಿಸಿದಾಗ ಕೂದಲ ತುದಿಗಳು ಸದ್ದಿಲ್ಲದೆ ತುಂಡಾದರೆ ಕಲ್ಲಿನ ಕೆಲಸ ಮುಗಿಯಿತು.

ಚರ್ಮದ ಪಟ್ಟಿ

ಎರಡೂವರೆ-ಮೂರಿಂಚು ಅಗಲದ ನುಣುಪಾದ ಚರ್ಮದ ಪಟ್ಟಿ, ಅದರ ಹಿಂದೆ ದಪ್ಪ ಬಟ್ಟೆ. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಸಡಿಲವಾದರೆ ಪಟ್ಟಿ ಬಾಯಿಯ ಸುತ್ತ ಬಾಗಿ ಅದನ್ನು ಗುಂಡಗಾಗಿಸುತ್ತದೆ. ದಿಕ್ಕು ಇಲ್ಲಿ ಕಲ್ಲಿಗೆ ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿಯನ್ನು ಮುಂದೆ ತಳ್ಳಿದರೆ ಪಟ್ಟಿಯೇ ತುಂಡು. ಬಟ್ಟೆಯ ಮೇಲೆ ಇಪ್ಪತ್ತು-ಮೂವತ್ತು, ಚರ್ಮದ ಮೇಲೆ ಐವತ್ತು-ಅರವತ್ತು ಎಳೆತ. ವೇಗ ಬೇಡ, ಸಿನಿಮಾದಲ್ಲಿ ತೋರಿಸುವ ಪಟಪಟ ಬರೀ ಶೋಕಿ.

ಪಟ್ಟಿ ಸಿಗುವವರೆಗೆ ನಿನ್ನೆಯ 'ಮೈಸೂರು ಮಿತ್ರ' ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಅಂಚಿಗೆ ಒತ್ತಿ ಹಿಡಿದು ಅದರ ಮೇಲೆ ಎಳೆಯಬಹುದು. ಮುದ್ರಣದ ಮಸಿಯಲ್ಲಿರುವ ಇಂಗಾಲದ ಪುಡಿ ಬಾಯಿಗೆ ಸಣ್ಣ ಮೆರುಗು ಕೊಡುತ್ತದೆ. ಬಣ್ಣದ ಜಾಹೀರಾತಿನ ಪುಟ ಬಿಟ್ಟು ಬರೀ ಅಕ್ಷರವಿರುವ ಪುಟ ನೋಡಿಕೊಳ್ಳಿ.

ಮುಖಕ್ಕೆ ತರುವ ಮುಂಚೆ, ಆಮೇಲೆ

ಯಾರ ಮುಖಕ್ಕೆ ತಾಗಿದ ಕತ್ತಿಯೋ ಗೊತ್ತಿಲ್ಲ. ಸೋಪುನೀರಲ್ಲಿ ತೊಳೆದು, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ. ನೀರಲ್ಲಿ ಕುದಿಸಬೇಡಿ, ಹಿಡಿ ಹಾಳಾಗುತ್ತದೆ. ಒಮ್ಮೆ ನಿಮ್ಮದಾದ ಮೇಲೆ ಅದು ನಿಮ್ಮೊಬ್ಬರದೇ ಆಗಿರಲಿ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಜೀವಂತವಿರಬಲ್ಲದು. ಸೆಲೂನುಗಳು ಅರ್ಧ ಬ್ಲೇಡಿಗೆ ಬದಲಾದದ್ದು ಒಳ್ಳೆಯದಕ್ಕೇ.

ಕ್ಷೌರವಾದ ಮೇಲೆ ಅಲಗನ್ನೂ ಕೀಲಿನ ಸಂದನ್ನೂ ಒರೆಸಿ, ತೆರೆದಿಟ್ಟು ಒಣಗಿಸಿ, ಆಮೇಲೆ ಮಡಚಿ. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ. ನಾಲೆ ಬಯಲಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಒಂದು ವಾರದಲ್ಲೇ ಬಾಯಿಯ ಮೇಲೆ ಚುಕ್ಕೆ ಮೂಡುತ್ತದೆ. ಬಹಳ ದಿನ ಮುಟ್ಟುವುದಿಲ್ಲವೆಂದರೆ ಹೊಲಿಗೆ ಮಿಷನ್ ಎಣ್ಣೆಯನ್ನೋ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ನನ್ನೋ ತೆಳ್ಳಗೆ ಸವರಿ. ಒಳ್ಳೆಣ್ಣೆ, ಕಡಲೆಕಾಯಿ ಎಣ್ಣೆ ಕೆಲವೇ ತಿಂಗಳಲ್ಲಿ ಜಿಗುಟಾಗುತ್ತವೆ. ಹಿಡಿಯ ಕೀಲು ಸಡಿಲವಾಗಿದ್ದರೆ ಚಿನ್ನದ ಕೆಲಸದವರು ಸಣ್ಣ ಸುತ್ತಿಗೆಯಿಂದ ಎರಡು ಏಟು ಹಾಕಿ ಕೂರಿಸಿಕೊಡುತ್ತಾರೆ.

ಪ್ರತಿ ಸಲ ಕ್ಷೌರಕ್ಕೆ ಮುಂಚೆ ಪಟ್ಟಿಯ ಮೇಲೆ ಎಳೆಯುತ್ತಿದ್ದರೆ ಕಲ್ಲಿನ ನೆನಪು ಕೆಲವು ತಿಂಗಳು ಬರುವುದಿಲ್ಲ. ಕೂದಲು ಎಳೆದಂತಾಗಿ ಕೆನ್ನೆ ಉರಿಯತೊಡಗಿದಾಗ ಮತ್ತೆ 1000ಕ್ಕೆ ಹೋಗಬೇಡಿ. ಬೆನ್ನಿಗೆ ಮೊದಲಿನಂತೆಯೇ ಟೇಪು ಹಾಕಿಕೊಂಡು, ನಿಮ್ಮ ಕೊನೆಯ ಕಲ್ಲಿನ ಮೇಲೆ ಹತ್ತಿಪ್ಪತ್ತು ಹಗುರ ಎಳೆತ, ಆಮೇಲೆ ಪಟ್ಟಿ. 1000ದ ಕಲ್ಲು ಮತ್ತೆ ಹೊರಗೆ ಬರಬೇಕಾದದ್ದು ಬಾಯಿ ಮುಕ್ಕಾದಾಗ, ಇಲ್ಲವೇ ಯಾರೋ ಆ ಕತ್ತಿಯಿಂದ ಪೆನ್ಸಿಲ್ ಹೆರೆದಾಗ ಮಾತ್ರ.